ಹಿಂದಿನ ಸೀಟಿನ ವೀರಣ್ಣ

ಬೇರೆ ಮೆಕ್ಯಾನಿಕ್ಕರು ನಮ್ಮ ಗಾಡಿಯನ್ನು ತಾವೇ ಓಡಿಸಿ ನೋಡುತ್ತಾರೆ. ನಾರಾಯಣಖೇಡದ ವೀರಣ್ಣ ನಮ್ಮ ಕೈಗೇ ಹ್ಯಾಂಡಲ್ ಕೊಟ್ಟು ತಾನು ಹಿಂದೆ ಕೂರುತ್ತಿದ್ದ. ಅರ್ಧ ವಿಭೂತಿ, ಅರ್ಧ ಗ್ರೀಸು ಬಳಿದುಕೊಂಡ ಅವನ ಹಣೆ ನಮ್ಮ ಎಡಭುಜದ ಮೇಲಿಂದ ಇಣುಕುತ್ತಿತ್ತು. "ಗಾಡಿ ತಾನಾಗೇ ಖರಾಬ್ ಆಗೂದು ಕಡಿಮಿರಿ. ನಡಸಾವ್ರೇ ಮಾಡ್ತಾರ," ಎನ್ನುವುದು ಅವನ ಮಾತು. ಕೇಳಿದವರಿಗೆ ಸಿಟ್ಟು ಬರುತ್ತಿತ್ತು, ನನಗಂತೂ ಬಂದಿತ್ತು.

ನಾನೋ ಒಂದು ಕಡೆ ನಿಲ್ಲುವ ಜೀವವಲ್ಲ. ಮನೂರ್ ಕಡೆಯ ಹಳ್ಳಿಯಲ್ಲಿ ಮಾಸ್ತರಿಕೆ, ನಾವು ಖೇಡ ಎನ್ನುವ ನಾರಾಯಣಖೇಡದಲ್ಲಿ ಮನೆ, ತಾಂಡೂರಿನಲ್ಲಿ ಹೆಂಡತಿಯ ತವರು. ಊಟಕ್ಕೆ ಕೂತರೂ ನನ್ನ ಒಂದು ಕಾಲು ಚಪ್ಪಲಿಯಲ್ಲೇ ಇರುತ್ತದೆ ಎಂದು ಹೆಂಡತಿ ಬೈಯುತ್ತಾಳೆ. ಅಂಥವನ ಬೈಕು ಒಂದು ದಿನ ಮನೂರ್ ದಾರಿಯ ಏರಿನಲ್ಲಿ ಕೈಕೊಟ್ಟಿತು. ಆಕ್ಸಿಲರೇಟರ್ ತಿರುವಿದಷ್ಟೂ ಇಂಜಿನ್ನು ಅರಚುತ್ತಿತ್ತು, ಗಾಡಿ ಮಾತ್ರ ಮುಂದೆ ಹೋಗಲೊಲ್ಲದು. ತಲೆಯ ಮೇಲೆ ತೊಗರಿಕಟ್ಟಿಗೆ ಹೊತ್ತ ಹೆಂಗಸೊಬ್ಬಳು ನನ್ನನ್ನು ನಿಧಾನವಾಗಿ ದಾಟಿ ಹೋದಳು.

ಹೇಗೋ ಗಾಡಿಯನ್ನು ಖೇಡಕ್ಕೆ ತಳ್ಳಿ ತಂದೆ. ವೀರಣ್ಣ ಮೊದಲು ಕ್ಲಚ್ಚಿನ ಹಿಡಿಯನ್ನು ಅಲುಗಾಡಿಸಿ, ಕೇಬಲ್ ತೀರ ಬಿಗಿಯಾಗಿಲ್ಲ ಎಂದು ಖಾತ್ರಿ ಮಾಡಿಕೊಂಡ. ಆಮೇಲೆ ಮೂರನೇ ಗೇರು ಹಾಕಿಸಿ, ಮುಂದಿನ ಬ್ರೇಕು ಬಿಗಿಹಿಡಿಸಿ, ಕ್ಲಚ್ ಬಿಡಲು ಹೇಳಿದ. ಇಂಜಿನ್ನು ಗಕ್ಕನೆ ನಿಲ್ಲಬೇಕಿತ್ತು. ನಿಲ್ಲದೆ ಗುರುಗುಟ್ಟುತ್ತಲೇ ಇತ್ತು. ಕ್ಲಚ್ ಜಾರುತ್ತಿದೆ ಎಂಬುದು ತಿಳಿಯಿತು, ಏಕೆ ಎಂಬುದು ತಿಳಿಯಬೇಕಲ್ಲ, ಹಿಂದೆ ಹತ್ತಿ ಕೂತ. ಬಸ್ ಸ್ಟ್ಯಾಂಡ್ ದಾಟುವ ಮೊದಲೇ ನನ್ನ ಎಡಗೈಯನ್ನು ಮುಟ್ಟಿ ಕೇಳಿದ: "ಈ ಎರಡ ಬೆರಳ ಇಲ್ಲೇನ್ ಮಾಡಾಕತ್ಯಾವ್ರಿ, ಮಾಸ್ತರ?"

ಬೇಕಿರಲಿ ಬೇಡದಿರಲಿ, ನನ್ನ ಬೆರಳು ಕ್ಲಚ್ಚಿನ ಮೇಲೇ ಇರುತ್ತಿದ್ದವು. ಮುಂದಿನ ಗೇರಿಗೆ ಈಗಲೇ ಸಿದ್ಧ ಎನ್ನುವ ಹಾಗೆ. ಅಷ್ಟು ಭಾರಕ್ಕೇ ಒಳಗಿನ ಪ್ಲೇಟುಗಳು ಪೂರ್ತಿ ಕೂಡಿಕೊಳ್ಳದೆ ಉಜ್ಜಿ ಸುಟ್ಟುಹೋಗಿದ್ದವು. ಬಿಚ್ಚಿದಾಗ ಕಮರು ವಾಸನೆ ಬಂತು. ಹೊಸ ಪ್ಲೇಟು ತಂದವನು ಅವನ್ನು ಎಣ್ಣೆ ತುಂಬಿದ ಬೋಗುಣಿಯಲ್ಲಿ ಮುಳುಗಿಸಿ, ಮೇಲೆ ರಟ್ಟು ಮುಚ್ಚಿ, ಬೇರೆ ಕೆಲಸಕ್ಕೆ ಕೂತುಬಿಟ್ಟ. ಬೇಗ ಹಾಕಿಕೊಡು ಮಾರಾಯ ಎಂದು ನಾನು ಗೋಗರೆದೆ. "ಎಣ್ಣಿ ಕುಡೀಲಿರಿ. ಒಣಾ ಹಾಕಿದ್ರ ಇವೂ ಸುಡ್ತಾವ," ಎಂದ. ಸಂಜೆಯವರೆಗೆ ನಾನು ಅವನ ಅಂಗಡಿಗೂ ಎದುರಿನ ಚಹಾದ ಹೋಟೆಲಿಗೂ ತಿರುಗಿದ್ದೇ ತಿರುಗಿದ್ದು.

ಆ ಸಂಜೆಯ ನೆನಪೇ ಮುಂದೆ ನನ್ನ ಕೈಯಿಂದ ತಪ್ಪು ಮಾಡಿಸಿತು. ಎಣ್ಣೆ ಬದಲಿಸುವ ಹೊತ್ತು ಬಂದಾಗ ವೀರಣ್ಣನ ಹತ್ತಿರ ಹೋದರೆ ಮತ್ತೆ ಅರ್ಧ ದಿನ ಕೂರಿಸುತ್ತಾನೆ ಎನಿಸಿತು. ತಾಂಡೂರಿನಲ್ಲಿ ನನ್ನ ಭಾವಮೈದುನನ ಕಾರಿಗೆ ಹಾಕಿ ಉಳಿದ ಒಳ್ಳೆಯ ಎಣ್ಣೆ ಡಬ್ಬಿಯಲ್ಲಿತ್ತು. ಸುಮ್ಮನೆ ಹಾಳಾಗುವುದೇಕೆ ಎಂದು ಹಳೆಯದನ್ನು ಇಳಿಸಿ ಅದನ್ನೇ ಸುರಿದುಕೊಂಡೆ. ಜಹೀರಾಬಾದ್ ದಾಟುವಷ್ಟರಲ್ಲಿ ಇಂಜಿನ್ನು ಹಳೇ ರಾಗ ತೆಗೆಯಿತು.

ಸಿಟ್ಟು ನೆತ್ತಿಗೇರಿ ನೇರ ವೀರಣ್ಣನ ಅಂಗಡಿಗೇ ಹೋದೆ. ಅಲ್ಲಿ ಮೂವರು ಗಿರಾಕಿಗಳಿದ್ದರು. ಅವರಲ್ಲಿ ಒಬ್ಬ ಹಾಲಿನ ರಾಚಪ್ಪ, ಅವನ ಮಗಳು ನನ್ನ ತರಗತಿಯಲ್ಲೇ ಓದುತ್ತಿದ್ದಳು. ಎಲ್ಲರ ಮುಂದೆ ನಕಲಿ ಪ್ಲೇಟು ಹಾಕಿ ಮೋಸ ಮಾಡಿದ್ದೀಯೆಂದು ಕೂಗಾಡಿದೆ. ವೀರಣ್ಣ ಇಂಜಿನ್ನಿನ ಎಣ್ಣೆಕಡ್ಡಿ ಎಳೆದು, ಎಣ್ಣೆಯನ್ನು ಬೆರಳಲ್ಲಿ ಉಜ್ಜಿ, ಎಲ್ಲಿ ಹಾಕಿಸಿದಿರಿ ಎಂದಷ್ಟೇ ಕೇಳಿದ. ಆ ಕ್ಷಣಕ್ಕೆ ನನಗೆಲ್ಲ ಹೊಳೆಯಿತು. ಆದರೂ, ಎಣ್ಣೆ ಬದಲಿಸಿಯೇ ಇಲ್ಲ ಎಂದುಬಿಟ್ಟೆ.

ಅವನು ನನ್ನ ಮುಖ ನೋಡಿದ. ಆಮೇಲೆ ಉಳಿದವರ ಕಡೆ ತಿರುಗಿ, "ಹೌದ್ರಿ, ಪ್ಲೇಟ್ ನಂದೇ ಖರಾಬ್ ಬಂದಾವ," ಎಂದ. ರಾಚಪ್ಪ ತನ್ನ ಗಾಡಿ ತಳ್ಳಿಕೊಂಡು ಹೋದ. ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಅವನ ಊರಿನ ಹಾಲಿನವರೂ ಒಬ್ಬೊಬ್ಬರಾಗಿ ಬಿಟ್ಟರು.

ಎಲ್ಲರೂ ಹೋದ ಮೇಲೆ ವೀರಣ್ಣ ಎಣ್ಣೆ ಇಳಿಸಿ, ಪ್ಲೇಟುಗಳನ್ನು ಪೆಟ್ರೋಲಿನಲ್ಲಿ ತೊಳೆಯುತ್ತ ಪಾಠ ಹೇಳಿದ. ಬೈಕಿನ ಕ್ಲಚ್ಚು ಇಂಜಿನ್ನಿನ ಎಣ್ಣೆಯಲ್ಲೇ ಮುಳುಗಿರುತ್ತದೆ, ಕಾರಿನ ಎಣ್ಣೆ ಬಿದ್ದರೆ ಪ್ಲೇಟು ಹಿಡಿಯದೆ ಜಾರುತ್ತವೆ. ನಾನು ತಲೆ ಎತ್ತದೆ, ತಪ್ಪನ್ನು ನೀನೇಕೆ ಹೊತ್ತೆ ಎಂದು ಕೇಳಿದೆ.

"ರಾಚಪ್ಪನ ಮಗಳು ನಿಮ್ಮ ಸಾಲ್ಯಾಗ ಓದ್ತಾಳ. ಮಾಸ್ತರೇ ಸುಳ್ಳ ಹೇಳ್ತಾರಂದ್ರ ಆ ಪೋರಿ ಯಾರ ಮಾತ ಕೇಳಬೇಕ್ರಿ? ಯಾವಾಗರ ನೀವೇ ಹೇಳ್ರಿ ಅವಂಗ."

ನಾಳೆಯೇ ಹೇಳಬೇಕೆಂದುಕೊಂಡೆ. ಜಗತ್ತಿನ ಎಲ್ಲದಕ್ಕೂ ಅವಸರ ಮಾಡುವ ನನಗೆ ಇದೊಂದಕ್ಕೆ ಮಾತ್ರ ಅವಸರವಾಗಲಿಲ್ಲ. ವೀರಣ್ಣನೂ ನೆನಪಿಸಲಿಲ್ಲ. ಜಹೀರಾಬಾದಿಗೆ ವರ್ಗವಾದಾಗ ಬೈಕು ತೋರಿಸಲು ಹೋದೆ. ಎಂದಿನಂತೆ ಹಿಂದೆ ಕೂತ. ಮನೂರ್ ಕ್ರಾಸಿನವರೆಗೆ ನನ್ನ ಬೆರಳು ಕ್ಲಚ್ಚಿನ ಮೇಲೆ ಹೋಗಲಿಲ್ಲ. "ಕೈ ಸುಧಾರಿಸ್ಯಾದರಿ," ಎಂದು ಇಳಿದ. ಇನ್ನೇನು ಉಳಿದಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಅದೇ ನಮ್ಮ ಕಡೆಯ ಭೇಟಿ.

ಈ ಮಳೆಗಾಲದಲ್ಲಿ ವೀರಣ್ಣ ಎದೆನೋವಿನಿಂದ ಹೋದನೆಂದು ಕೇಳಿ ಖೇಡಕ್ಕೆ ಓಡಿದೆ. ಶಟರು ಎಳೆದಿತ್ತು. ಅಲ್ಲಿಂದ ನೇರ ರಾಚಪ್ಪನ ಊರಿಗೆ ಹೋಗಿ, ಹಾಲು ಅಳೆಸಲು ನಿಂತಿದ್ದ ಜನರ ಮುಂದೆ, ಎಣ್ಣೆ ಸುರಿದವನು ನಾನು, ಸುಳ್ಳು ಹೇಳಿದವನೂ ನಾನು, ವೀರಣ್ಣನ ಪ್ಲೇಟು ಅಸಲಿಯೇ ಇದ್ದವು ಎಂದು ಕೂಗಿ ಹೇಳಿದೆ.

ರಾಚಪ್ಪ ಕ್ಯಾನು ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡ. "ಅಂವ ತನ್ನ ಬಾಯಿಲೇ ಒಪ್ಪ್ಯಾನರಿ, ನಾ ಕೇಳೀನಿ. ಸತ್ತಾವನ ಹೆಸರ ಉಳಸಾಕ ನೀವ ಹಿಂಗ ಅಂತೀರಿ. ದೊಡ್ಡ ಮನಸ್ಸರಿ ನಿಮ್ದು." ಸುತ್ತಲಿನವರು ತಲೆಯಾಡಿಸಿದರು. ಒಬ್ಬರು ನನಗೆ ಕುರ್ಚಿ ತಂದಿಟ್ಟರು.

ಆಮೇಲೆ ಮೂರು ಸಲ ಹೋಗಿ ಹೇಳಿ ಬಂದಿದ್ದೇನೆ. ಹೋದಾಗಲೆಲ್ಲ ನನ್ನ ಮರ್ಯಾದೆ ಹೆಚ್ಚುತ್ತಿದೆ. ನಾಳೆ ಭಾನುವಾರ, ಮತ್ತೆ ಹೋಗುತ್ತೇನೆ.