ಮೌಲಿಸಾಬರು ಮುಟ್ಟದ ಚೊಂಗೆ

ಲೋಬಾನದ ವಾಸನೆ ಬಂದರೆ ಎಲ್ಲರಿಗೂ ಭಕ್ತಿ ಬರುತ್ತದಂತೆ, ನನಗೆ ಸಿಟ್ಟು ಬರುತ್ತದೆ. ಈ ಸಲದ ಮೊಹರಂ ಹತ್ತನೆಯ ದಿನವೂ ಹಾಗೇ ಆಯಿತು. ಬೆಳಿಗ್ಗೆ ಚೊಂಗೆ ಮಾಡಲು ಬೆಲ್ಲದ ನೀರಿನಲ್ಲಿ ಹಿಟ್ಟು ನಾದುತ್ತ ಕೂತಿದ್ದೆ. ಮೊಹರಂ ದೇವರು ಕೂರಿಸುವ ಆಶುರಖಾನೆ ಕಡೆಯಿಂದ ಹೊಗೆ ತೇಲಿ ಬಂತು, ಹಿಂದೆಯೇ ಮೊಮ್ಮಗನೂ ಬಂದ. ನಮ್ಮ ಓಣಿಯ ಹೆಸರು ಬದಲಾಯಿಸುತ್ತಾರಂತೆ, ಮೌಲಿಸಾಬರ ಓಣಿ ಅನ್ನುವುದು ಬೇಡವಂತೆ.

"ಅವ ನಿಜಾಮ ದೊರಿ ಕಡೆ ಮನುಷ್ಯಾ ಇದ್ನಂತಲ್ಲ ಅಮ್ಮ" ಎಂದ.

ಅವನಂತೆ! ನೀವೇ ಹೇಳಿ, ಕೊಪ್ಪಳ, ಗಂಗಾವತಿ, ಕುಷ್ಟಗಿಗಳಿಂದ ಜನ ಗಾಡಿ ಕಟ್ಟಿಕೊಂಡು ಹುಡುಕಿ ಬರುತ್ತಿದ್ದ ಮನುಷ್ಯನಿಗೆ ಈ ನಿನ್ನೆ ಮೊನ್ನೆಯ ಹುಡುಗ ಏಕವಚನ ಹಚ್ಚುವುದೆಂದರೇನು? ಮೌಲಿಸಾಬರು ಇರಾಕಿನಲ್ಲಿ ವರ್ಷಗಟ್ಟಲೆ ಓದಿ ಬಂದ ದೊಡ್ಡ ಪಂಡಿತರು. ನಮ್ಮ ಕಡೆ ಶಿಯಾ ಮನೆಗಳೇ ಕಡಿಮೆ. ಅವರು ಹೈದರಾಬಾದಿನಲ್ಲಿ ಮೆರೆಯಬಹುದಿತ್ತು. ಆದರೆ ತಾಯಿ ಮಣ್ಣಾದ ಊರೆಂದು ಕನಕಗಿರಿಗೆ ಬಂದು, ನಮ್ಮ ಎದುರು ಮನೆಯಲ್ಲಿ ಕರಿ ರುಮಾಲು ಸುತ್ತಿಕೊಂಡು ಕೂತಿದ್ದರು.

ನಾನು ಯಲಬುರ್ಗಾದಿಂದ ಸೊಸೆಯಾಗಿ ಬಂದವಳು. ತವರಿನಲ್ಲಿ ಮೊಹರಂ ಎಂದರೆ ಹುಲಿವೇಷ, ಹಲಗೆ, ಬಾಯಿ ತುಂಬ ಚೊಂಗೆ. ಹೊಸ ಸೊಸೆಯ ಜಂಬ ಬೇರೆ. ಮೊದಲ ವರ್ಷ ತುಪ್ಪ ಸುರಿದು ಚೊಂಗೆ ಮಾಡಿ, ಸೆರಗು ಹೊದ್ದು, ನಾನೇ ಅವರ ಬಾಗಿಲಿಗೆ ಒಯ್ದೆ. ಮೌಲಿಸಾಬರು ಒಳಗಿನಿಂದಲೇ ಮಾತಾಡಿದರು. "ಮಗಳ, ಇದು ನಮಗ ಸತ್ತವರ ದಿನ ಐತವ್ವ. ನೀರ ಸಿಗಲಾರದ ಸತ್ತವರು ನಮ್ಮ ಇಮಾಮರು, ಅವ್ರ ಮನಿಯವರು. ಸಿಹಿ ಬ್ಯಾಡ, ಒಂದು ತಂಬಿಗಿ ನೀರು ಕೊಡು, ಸಾಕು."

ನೀರು ಕೊಟ್ಟು ಬಂದೆ. ಅಪಮಾನಕ್ಕೆ ಅಷ್ಟೂ ಚೊಂಗೆಯನ್ನು ಅಡುಗೆಮನೆಯಲ್ಲಿ ಕೂತು ನಾನೇ ತಿಂದೆ, ಹೊಟ್ಟೆನೋವೂ ನನಗೇ ಬಂತು. ಅತ್ತೆ ನಕ್ಕರು. ಊರಿಗೆ ಊರೇ ಆ ತಪ್ಪು ಮಾಡುತ್ತದಂತೆ. ಮೌಲಿಸಾಬರು ಮಾತ್ರ ಹುಲಿವೇಷದವರನ್ನು ಒಂದು ದಿನವೂ ಗದರಿದವರಲ್ಲ. ಅಳುವವರು ಅಳಲಿ, ಕುಣಿಯುವವರು ಕುಣಿಯಲಿ, ನೆನೆಯಲು ಬಂದರಲ್ಲ ಅನ್ನುತ್ತಿದ್ದರಂತೆ. ಮೆರವಣಿಗೆಯಲ್ಲಿ ಬೆಳ್ಳಿಯ ಹಸ್ತದ ಪಂಜಾ ಹಿಡಿಯುವವನು ಕುರುಬರ ಹನುಮಪ್ಪ. ಅದು ಅವನ ಮುತ್ತಜ್ಜನ ಕಾಲದಿಂದ ಬಂದ ಹಕ್ಕು.

ಸಂಜೆ ನಮ್ಮ ಕಟ್ಟೆಯ ಮೇಲೆ ಮಾವನವರಿಗೂ ಮೌಲಿಸಾಬರಿಗೂ ವಾದ ನಡೆಯುತ್ತಿತ್ತು. ಆಗ ನಿಜಾಮರ ಆಳ್ವಿಕೆ. ಮಾವನವರು ಅಂಗಿಯ ಒಳಗೆ ಖಾದಿ ಬನಿಯನ್ನು ತೊಟ್ಟು, ಅದೇ ದೊಡ್ಡ ಹೋರಾಟ ಎಂದುಕೊಂಡಿದ್ದರು. ಮೌಲಿಸಾಬರಾದರೋ ರೈತರ ಜೋಳವನ್ನು ಲೆವಿ ಎಂದು ಹೊತ್ತೊಯ್ಯುವ ಅಧಿಕಾರಿಗಳನ್ನು ಪ್ರವಚನದ ಗದ್ದಿಗೆಯ ಮೇಲಿಂದಲೇ ಕಳ್ಳರು ಎಂದು ಕರೆದವರು. ಪ್ರಾರ್ಥನೆಯಲ್ಲಿ ದೊರೆಯ ಹೆಸರು ಎತ್ತುತ್ತಿರಲಿಲ್ಲ. ನಾಳೆ ನಿಮ್ಮವರು ಕುರ್ಚಿ ಏರಿದರೆ ಅವರ ಹೆಸರೂ ಎತ್ತುವುದಿಲ್ಲ ಎಂದಾಗ ಮಾವನವರು ಊಟ ಮಾಡುವಾಗಲೂ ಗೊಣಗಿದ್ದರು.

ದೇಶಕ್ಕೆ ಸ್ವಾತಂತ್ರ್ಯ ಬಂತು, ನಮಗೆ ಬರಲಿಲ್ಲ. ಆ ವರ್ಷದ ಮೊಹರಮ್ಮಿಗೆ ದೊರೆಯ ಪರ ಕೂಗುವ ಖಾಕಿಯವರು ಬಂದೂಕು ಹಿಡಿದು ಓಣಿಗೆ ಬಂದರು. ಹನುಮಪ್ಪ ಪಂಜಾ ಮುಟ್ಟಬಾರದು, ಮೌಲಿಸಾಬರು ಗದ್ದಿಗೆಯ ಮೇಲೆ ಕೂತು ಎಲ್ಲರೂ ದೊರೆಯ ಕೈ ಬಲಪಡಿಸಿ ಎಂದು ಹೇಳಬೇಕು, ಇಲ್ಲವಾದರೆ ನೆಟ್ಟಗಿರುವುದಿಲ್ಲ ಎಂದರು. ನಾನು ಕಿಟಕಿಯಲ್ಲಿದ್ದೆ. ಮೌಲಿಸಾಬರು ದನಿ ಏರಿಸಲಿಲ್ಲ.

"ನಾವು ಯಾರಿಗೆ ಅಳ್ತೀವಿ, ಗೊತ್ತೈತೇನ್ರಿ? ದೊರಿ ಕೈಯಾಗ ಕೈ ಇಡಂಗಿಲ್ಲ ಅಂತ ತಲಿ ಕೊಟ್ಟವರಿಗೆ. ಅವ್ರ ಹೆಸರಿನ ಗದ್ದಿಗಿ ಮ್ಯಾಲೆ ಕುಂತು, ದೊರಿ ಕೈ ಹಿಡೀರಿ ಅಂತ ನಾ ಹೆಂಗ ಹೇಳ್ಲಿ?"

ಒಳಗೆ ಹೋಗಿ ಪಂಜಾ ತಂದು ಹನುಮಪ್ಪನ ಕೈಗೆ ಕೊಟ್ಟರು, ಬರಿಗಾಲಲ್ಲಿ ಅವನ ಮುಂದೆ ನಡೆದರು. ಬಂದೂಕಿನ ಹಿಡಿಯಿಂದ ಮೌಲಿಸಾಬರ ಹೆಗಲಿಗೆ ಬಿದ್ದ ಏಟು ಸಣ್ಣದಲ್ಲ. ಆ ಬಲಗೈ ಮುಂದೆ ರುಮಾಲು ಸುತ್ತಲೂ ಮೇಲೆ ಏಳಲಿಲ್ಲ.

ಮರುವರ್ಷ ಸೈನ್ಯ ಬಂತು, ದೊರೆ ಶರಣಾದ. ನಾವು ಸಕ್ಕರೆ ಹಂಚಿದೆವು. ಅದೇ ವಾರ ಒಂದು ಗುಂಪು ಬಂದು ಮೌಲಿಸಾಬರ ಬಾಗಿಲು ಒಡೆಯಿತು. ಹೊರಗಿನವರಿದ್ದರು, ನಮ್ಮ ಓಣಿಯ ಸಕ್ಕರೆ ತಿಂದವರೂ ಇದ್ದರು. ದೊರೆಗೆ ತಲೆಬಾಗದ ಮನುಷ್ಯನಿಗೆ ದೊರೆಯ ಜಾತಿಯವನೆಂದು ಶಿಕ್ಷೆ! ಅವರ ಪುಸ್ತಕಗಳೆಲ್ಲ ಬಾವಿ ಸೇರಿದವು. ಬಡಿಗೆ ಹಿಡಿದು ಅಡ್ಡ ನಿಂತವನು ಹನುಮಪ್ಪ ಒಬ್ಬನೇ, ಅವನ ತಲೆ ಒಡೆಯಿತು. ಈಗ ಖಾದಿಯನ್ನು ಅಂಗಿಯ ಹೊರಗೇ ತೊಡುತ್ತಿದ್ದ ನಮ್ಮ ಮಾವನವರು ಬಾಗಿಲಿಗೆ ಅಗುಳಿ ಹಾಕಿ, ಇದು ಜನರ ಸಿಟ್ಟು, ಅಡ್ಡ ಹೋಗಬಾರದು ಎಂದರು. ಎಂಥ ಜನ, ಎಂಥ ಸಿಟ್ಟು! ಇಷ್ಟು ವರ್ಷವಾದರೂ ನನಗೆ ಅದು ನುಂಗಲಾಗಿಲ್ಲ.

ಬೆಳಗಾದ ಮೇಲೆ ಮೌಲಿಸಾಬರ ಗಾಡಿ ಹೊರಟಿತು. ನಮ್ಮ ಬಾಗಿಲಲ್ಲಿ ನಿಲ್ಲಿಸಿ ಒಂದು ತಂಬಿಗೆ ನೀರು ಕೇಳಿದರು. ನಾನು ಕೊಟ್ಟೆ. ಎಡಗೈಯಲ್ಲಿ ಎತ್ತಿ ಕುಡಿದು, ಮಾವನವರಿಗೆ "ಹನುಮಪ್ಪನ್ನ ನೋಡ್ಕೋರಿ" ಎಂದಷ್ಟೇ ಹೇಳಿ ಹೋದರು. ಮತ್ತೆ ಬರಲಿಲ್ಲ. ಅವರ ಹೆಸರು ಮಾತ್ರ ಓಣಿಯಲ್ಲಿ ಉಳಿದಿತ್ತು.

ಹಿಟ್ಟನ್ನು ಹಾಗೇ ಮುಚ್ಚಿಟ್ಟೆ. ಇಷ್ಟು ವರ್ಷ ಪ್ರತಿ ಮೊಹರಮ್ಮಿಗೂ ಚೊಂಗೆ ಮಾಡಿದವಳು, ಈ ಸಲ ಕೊಡ ತುಂಬಿಸಿಕೊಂಡು, ತಂಬಿಗೆ ಹಿಡಿದು ಎದುರು ಮನೆಯ ಹಾಳು ಮೆಟ್ಟಿಲ ಮೇಲೆ ಹೋಗಿ ಕೂತೆ. ಮೊಣಕಾಲು ಬೈಯುತ್ತಿತ್ತು, ಬೈಯಲಿ. ಓಣಿಯ ಬೋರ್ಡು ಕೀಳಲು ಹುಡುಗರು ಬಂದರು, ನಮ್ಮ ಮೊಮ್ಮಗನೂ ಅವರಲ್ಲಿದ್ದ. ಕೂಡಿಸಿ ಎಲ್ಲ ಹೇಳಿದೆ. ಆಮೇಲೆ ತಂಬಿಗೆ ಮುಂದೆ ಹಿಡಿದೆ.

"ಕುಡೀರಿ. ಈ ಓಣ್ಯಾಗ ಅವ್ರು ತಮಗಂತ ಬಾಯಿಬಿಟ್ಟು ಕೇಳಿದ್ದು ಇದೊಂದ. ಕುಡುದು, ಆಮ್ಯಾಲೆ ಅವ್ರ ಹೆಸರು ಕೀಳ್ರಿ."

ಯಾರೂ ತಂಬಿಗೆಗೆ ಕೈ ಚಾಚಲಿಲ್ಲ. ನಾನೂ ಮೆಟ್ಟಿಲು ಬಿಟ್ಟು ಏಳಲಿಲ್ಲ.