ಆಮೆಕಲ್ಲಿನ ಅಲೆಗೆ ದೊಡ್ಡಬಳ್ಳಾಪುರದ ಕಾವಲು

ಮೇ ತಿಂಗಳ ಶನಿವಾರ, ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ದೊಡ್ಡಬಳ್ಳಾಪುರದ ನೇಕಾರರ ಬೀದಿಯೊಂದರಲ್ಲಿ, ಮಗ್ಗದ ಕೊಠಡಿಗೆ ಅಂಟಿಕೊಂಡ ಅಡುಗೆಮನೆಯ ನೆಲದ ಮೇಲೆ ನಾಗಲಕ್ಷ್ಮಮ್ಮ ಕಾಲು ಚಾಚಿ ಕೂತಿದ್ದಾರೆ. ಎದುರಿಗೆ ರಾಗಿಹಿಟ್ಟಿನ ಡಬ್ಬಕ್ಕೆ ಒರಗಿಸಿಟ್ಟ ಮೊಬೈಲು. ಒಲೆಯ ಮೇಲೆ ಕಾಫಿ ನೀರು ಕುದಿದು ಅರ್ಧವಾಗಿದೆ, ಅದರ ಕಡೆ ಅವರ ಗಮನವಿಲ್ಲ. ಕಣ್ಣು ಪರದೆಯಲ್ಲಿ ನೆಟ್ಟಿದೆ. ಪರದೆಯ ತುಂಬ ಸಮುದ್ರ.

ಗೋಡೆಯಾಚೆ ಗಂಡ ಬಚ್ಚಪ್ಪನವರ ಪವರ್‌ಲೂಮ್ ಒಂದೇ ಸಮನೆ ಬಡಿಯುತ್ತಿದೆ. ಆ ಬಡಿತಕ್ಕೆ ಸರಿಯಾಗಿ ನಾಗಲಕ್ಷ್ಮಮ್ಮನವರ ಬೆರಳು ತೊಡೆಯ ಮೇಲೆ ತಟ್ಟುತ್ತದೆ. ಒಂದು ಅಲೆಯ ನೆತ್ತಿ ಗುರುತಿನ ಜಾಗಕ್ಕೆ ಬಂದ ಕೂಡಲೇ ಎಣಿಕೆ ಶುರು. ಮುಂದಿನ ಅಲೆಯ ನೆತ್ತಿ ಅದೇ ಜಾಗ ಮುಟ್ಟಿದಾಗ ನಿಲುಗಡೆ. ಕಣ್ಣು ಕೀಳದೆಯೇ ಬಳಪದಿಂದ ಪಕ್ಕದ ನೆಲದ ಮೇಲೆ ಬರೆಯುತ್ತಾರೆ: ಇಪ್ಪತ್ತನಾಲ್ಕು. ಮತ್ತೆ ಇಪ್ಪತ್ತನಾಲ್ಕು. ಇನ್ನೊಮ್ಮೆ ಇಪ್ಪತ್ತಮೂರು.

ಅವರ ಮುಖ ಸಣ್ಣಗಾಗುತ್ತದೆ. “ಇಪ್ಪತ್ತಾರಾದ್ರೂ ಬರ್ಬೇಕಿತ್ತು,” ಎನ್ನುತ್ತಾರೆ. “ಅದಕ್ಕಿಂತ ಕಮ್ಮಿ ಆದ್ರೆ ಆ ಕಲ್ಲು ಅಲೇನ ಎಬ್ಬಿಸಲ್ಲ. ಮೇಲೆ ಸವರ್ಕೊಂಡು ಹೋಗ್ಬಿಡ್ತೈತೆ.”

ಆ ಕಲ್ಲಿನ ಹೆಸರು ಆಮೆಕಲ್ಲು. ಇಲ್ಲಿಂದ ನಾನೂರೈವತ್ತು ಕಿಲೋಮೀಟರ್ ದೂರದಲ್ಲಿ, ಉತ್ತರ ಕನ್ನಡದ ಒಂದು ಪುಟ್ಟ ದಡದ ಎದುರು, ನೀರಿನೊಳಗೆ ಬೆನ್ನು ಮುಚ್ಚಿಕೊಂಡು ಮಲಗಿರುವ ಬಂಡೆಯ ಸಾಲು ಅದು. ದೂರದಿಂದ ಬಂದ ಉದ್ದನೆಯ ಅಲೆಗೆ ಈ ಬಂಡೆ ತಗುಲಿದರೆ ನೀರು ಒಮ್ಮೆಲೇ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವ ಸರ್ಫಿಂಗ್ ಮಂದಿ ವರ್ಷವಿಡೀ ಕಾಯುವುದು ಆ ಗೋಡೆಗಾಗಿ. ಅದು ಏಳುವುದು ವರ್ಷಕ್ಕೆ ಹತ್ತು ಹನ್ನೆರಡು ಬೆಳಗು ಮಾತ್ರ.

ಇವತ್ತು ಏಳುತ್ತದೆ ಎಂದು ಮಂಗಳವಾರವೇ ಹೇಳಿದವರು ನಾಗಲಕ್ಷ್ಮಮ್ಮ. ಅವರ ಮಾತು ನಂಬಿ ಹದಿನೆಂಟು ಮಂದಿ ಬೆಂಗಳೂರಿನಿಂದ, ಮಂಗಳೂರಿನಿಂದ ಬಂದು ಆ ದಡದಲ್ಲಿ ಹಲಗೆ ಹಿಡಿದು ನಿಂತಿದ್ದಾರೆ. ಅಲೆಯ ಮುನ್ಸೂಚನೆ ಕೊಡುವ ಎಲ್ಲ ಆಪ್‌ಗಳೂ ಭಾನುವಾರ ಮಧ್ಯಾಹ್ನ ಎಂದಿದ್ದವು. ಆರೂಕಾಲಿನೊಳಗೆ ಹೌದು ಅಥವಾ ಇಲ್ಲ ಎಂದು ನಾಗಲಕ್ಷ್ಮಮ್ಮ ಹೇಳಲೇಬೇಕು. ಇಲ್ಲ ಎಂದರೆ ಬಸ್ಸು ಎಲ್ಲರನ್ನೂ ಹತ್ತಿಸಿಕೊಂಡು ಇಪ್ಪತ್ತು ಕಿಲೋಮೀಟರ್ ಆಚೆಯ ಮರಳ ದಡಕ್ಕೆ ಹೊರಡುತ್ತದೆ. ಎಂಟು ಗಂಟೆಗೆ ಉಬ್ಬರದ ನೀರು ಇಳಿದು ಬಂಡೆ ಹೊರಗೆ ಕಾಣುತ್ತದೆ. ಆಮೇಲೆ ಅಲೆ ಬಂದರೂ ಯಾರೂ ಮೈ ಒಡ್ಡುವಂತಿಲ್ಲ.

ಐವತ್ತನಾಲ್ಕು ವರ್ಷದ ನಾಗಲಕ್ಷ್ಮಮ್ಮ ಈ ಕೆಲಸಕ್ಕೆ ಬಂದ ದಾರಿಯೇ ವಿಚಿತ್ರ. ಮದುವೆಯಾಗಿ ಬಂದ ಮೇಲೆ ಹತ್ತು ವರ್ಷ ಮನೆಯ ಮಗ್ಗಗಳಿಗೆ ನೂಲು ಸುತ್ತಿಕೊಟ್ಟರು. ಆಮೇಲೆ ಊರಾಚೆಯ ಬಟ್ಟೆ ಕಾರ್ಖಾನೆಯೊಂದರಲ್ಲಿ ಹದಿಮೂರು ವರ್ಷ ಚೆಕ್ಕಿಂಗ್ ಕೆಲಸ. ಟ್ಯೂಬ್‌ಲೈಟಿನ ಕೆಳಗೆ ಬಟ್ಟೆ ಹರಿದು ಹೋಗುತ್ತಿರುತ್ತದೆ, ಎಲ್ಲಿ ಒಂದು ಎಳೆ ತಪ್ಪಿದೆ, ಎಲ್ಲಿ ಗಂಟು ಬಿದ್ದಿದೆ ಎಂದು ನೋಡಿ ಚೀಟಿ ಅಂಟಿಸಬೇಕು. ದಿನಕ್ಕೆ ಒಂಬತ್ತು ಗಂಟೆ ನಿಂತೇ ಇರಬೇಕು. ಮಂಡಿ ಊದಿಕೊಂಡು ಬಂತು, ಕಾಲಿನ ನರಗಳು ಗಂಟು ಗಂಟಾದವು. ಕೊನೆಗೆ ಚೆಕ್ಕಿಂಗ್ ವಿಭಾಗವನ್ನೇ ಕಾರ್ಖಾನೆಯವರು ಮುಚ್ಚಿದಾಗ ಮನೆಗೆ ಬಂದು ಕೂತರು. “ಕೂತ್ಕೊಂಡ್ರೆ ಕಾಲು ಚೆನ್ನಾಗಿರ್ತೈತೆ, ತಲೆ ಕೆಡ್ತೈತೆ,” ಎನ್ನುತ್ತಾರೆ ಆ ದಿನಗಳನ್ನು ನೆನೆದು.

ಅದೇ ಕಾರ್ಖಾನೆಯ ವಿನ್ಯಾಸ ವಿಭಾಗದಲ್ಲಿ ಅಕ್ಷತ ಎಂಬ ಕರಾವಳಿಯ ಹುಡುಗಿ ಇದ್ದಳು. ಕೆಲಸ ಬಿಟ್ಟು ತನ್ನೂರಿಗೆ ಹೋಗಿ ಸರ್ಫಿಂಗ್ ಶಾಲೆ ತೆರೆದಳು. ತೆಂಗಿನ ಮರಕ್ಕೆ ಕ್ಯಾಮೆರಾ ಕಟ್ಟಿ ಆಮೆಕಲ್ಲಿನ ಕಡೆ ತಿರುಗಿಸಿದಳು. ಅದನ್ನು ದಿನಾ ಕೂತು ನೋಡುವ ತಾಳ್ಮೆ ಅಲ್ಲಿ ಯಾರಿಗೂ ಇರಲಿಲ್ಲ. ಆಗ ಅವಳಿಗೆ ನೆನಪಾದದ್ದು ನಾನೂರು ಮೀಟರ್ ಬಟ್ಟೆಯಲ್ಲಿ ಒಂದು ತಪ್ಪಿದ ಎಳೆಯನ್ನು ಬೆರಳಿಟ್ಟು ತೋರಿಸುತ್ತಿದ್ದ ಅಕ್ಕ.

“ಫೋನ್ ಮಾಡಿ, ‘ಅಕ್ಕ, ಸಮುದ್ರ ನೋಡೋ ಕೆಲಸ ಇದೆ, ಮಾಡ್ತೀರಾ?’ ಅಂದ್ಳು. ನಾನು ತಮಾಷೆ ಅಂದ್ಕೊಂಡೆ,” ಎಂದು ನಾಗಲಕ್ಷ್ಮಮ್ಮ ನಗುತ್ತಾರೆ. “ಆಮೇಲೆ ನೋಡಿದ್ರೆ ಏನೈತೆ ಅದ್ರಲ್ಲಿ? ಅದೂ ಬಟ್ಟೆ ಥರಾನೇ ಹರೀತಾ ಇರ್ತೈತೆ. ಎಲ್ಲಿ ಬದಲಾಯ್ತು ಅಂತ ಹಿಡೀಬೇಕು, ಅಷ್ಟೇ.”

ಅಷ್ಟೇ ಎಂದರೆ ಬೆಳಿಗ್ಗೆ ನಲವತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ, ದಿನಕ್ಕೆ ಸುಮಾರು ಮುನ್ನೂರು ಅಲೆ. ಮಳೆಗಾಲದ ನಾಲ್ಕು ತಿಂಗಳು ಕ್ಯಾಮೆರಾ ಕಳಚಿಡುತ್ತಾರೆ. ಉಳಿದ ಎಂಟು ತಿಂಗಳು ಒಂದು ದಿನವೂ ತಪ್ಪಿಲ್ಲ. ನಾಲ್ಕು ವರ್ಷದಲ್ಲಿ ಹದಿನಾರು ನೋಟ್‌ಬುಕ್ ತುಂಬಿವೆ. ಅಲೆಯ ಎತ್ತರ, ಎರಡು ಅಲೆಗಳ ನಡುವಿನ ಅಂತರ, ಗಾಳಿ ಯಾವ ಹೊತ್ತಿಗೆ ತಿರುಗಿತು, ಎಲ್ಲವೂ ಅದರಲ್ಲಿದೆ. ಕಳೆದ ವರ್ಷ ಆಮೆಕಲ್ಲು ಎದ್ದದ್ದು ಹನ್ನೊಂದು ಬೆಳಗು. ಅದರಲ್ಲಿ ಒಂಬತ್ತನ್ನು ಇವರು ಮೊದಲೇ ಹೇಳಿದ್ದರು.

ಎಣಿಸುವಾಗ ಗಡಿಯಾರ ನೋಡುವುದಿಲ್ಲ. ಗಡಿಯಾರದ ಕಡೆ ಕಣ್ಣು ಹೋದರೆ ಅಲೆ ತಪ್ಪುತ್ತದೆ ಎಂಬುದು ಅವರ ವಾದ. ಬಚ್ಚಪ್ಪನವರ ಮಗ್ಗ ನಿಮಿಷಕ್ಕೆ ನೂರಿಪ್ಪತ್ತು ಏಟು ಹೊಡೆಯುತ್ತದೆ, ಸೆಕೆಂಡಿಗೆ ಎರಡು. ಇಪ್ಪತ್ತಾರು ಏಟು ಎಂದರೆ ಹದಿಮೂರು ಸೆಕೆಂಡು. ಕಿವಿ ಮಗ್ಗಕ್ಕೆ, ಕಣ್ಣು ಸಮುದ್ರಕ್ಕೆ.

ಪ್ರತಿ ಸಂಜೆ ನಲವತ್ತು ಸೆಕೆಂಡಿನ ಧ್ವನಿ ಸಂದೇಶವೊಂದು ಮುನ್ನೂರು ಚಿಲ್ಲರೆ ಮಂದಿಯ ಗುಂಪಿಗೆ ಹೋಗುತ್ತದೆ. “ನಮಸ್ಕಾರ. ನಾಳೆ ಅಲೆ ಮೊಣಕಾಲೆತ್ತರ, ಅಂತರ ಒಂಬತ್ತು ಸೆಕೆಂಡು. ಹತ್ತು ಗಂಟೆ ಮೇಲೆ ಗಾಳಿ ಕೆಡಿಸ್ತೈತೆ. ಕಲಿಯೋರು ಮರಳ ದಡಕ್ಕೆ ಹೋಗಿ. ಆಮೆಕಲ್ಲು ಮಲಗೈತೆ.” ಹೆಸರಿಲ್ಲ, ಊರಿಲ್ಲ. ಹಿನ್ನೆಲೆಯಲ್ಲಿ ಮಗ್ಗದ ಸದ್ದು. ಅದನ್ನು ದೋಣಿಯ ಇಂಜಿನ್ ಎಂದುಕೊಂಡ ಬೆಂಗಳೂರಿನ ಹುಡುಗರು ಇವರಿಗೆ ‘ಬೋಟ್ ಅಮ್ಮ’ ಎಂದು ಹೆಸರಿಟ್ಟಿದ್ದಾರೆ. ಬೀದಿಯವರದು ಇನ್ನೊಂದು ತಮಾಷೆ. ಪಕ್ಕದ ಮನೆಯ ನೇಕಾರ ಮುನಿಸ್ವಾಮಿ ಎದುರಾದಾಗಲೆಲ್ಲ, “ಏನಕ್ಕಾ, ನಮ್ಮ ಕೆರೆಗೂ ಒಂದು ಅಲೆ ತರ್ಸಿ,” ಎನ್ನುತ್ತಾರೆ. “ಮೊದ್ಲು ನಿಮ್ಮ ಕೆರೆಗೆ ನೀರು ತರ್ಸಪ್ಪಾ,” ಎಂಬುದು ಇವರ ಉತ್ತರ.

ಈ ಸಲದ ಮುನ್ಸೂಚನೆ ಮಾತ್ರ ತಮಾಷೆಯ ವಿಷಯವಾಗಿರಲಿಲ್ಲ. ದೂರದ ದಕ್ಷಿಣ ಸಾಗರದಲ್ಲಿ ದೊಡ್ಡ ಗಾಳಿ ಎದ್ದ ಸುದ್ದಿ ಮೊಬೈಲಿನಲ್ಲಿ ಬಂದ ಮೇಲೆ ನಾಗಲಕ್ಷ್ಮಮ್ಮ ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ಹರಡಿಕೊಂಡು ಎರಡು ದಿನ ಕೂತರು. ಅಷ್ಟು ದೂರದಿಂದ ಹೊರಟ ಅಲೆಗಳು ಒಟ್ಟಿಗೆ ಬರುವುದಿಲ್ಲ ಎಂಬುದು ಅವರ ಎಣಿಕೆಯಿಂದಲೇ ಅವರಿಗೆ ಗೊತ್ತಾದ ಸಂಗತಿ.

“ಮದುವೆ ದಿಬ್ಬಣ ಇದ್ದಂಗೆ ಕಣಪ್ಪಾ,” ಎಂದು ವಿವರಿಸುತ್ತಾರೆ. “ಮುಂದೆ ನಾಕು ಜನ ಉದ್ದುದ್ದ ಕಾಲು ಹಾಕ್ಕೊಂಡು ಬಂದ್ಬಿಡ್ತಾರೆ. ಗುಂಪು ಹಿಂದೆ ನಿಧಾನಕ್ಕೆ ಬರ್ತೈತೆ. ಆಪ್‌ನೋರು ಗುಂಪು ಯಾವಾಗ ಬರ್ತೈತೆ ಅಂತ ಹೇಳ್ತಾರೆ, ಅದೂ ಸರೀನೇ. ಆಮೆಕಲ್ಲಿಗೆ ಆ ಮುಂದಿನ ನಾಕು ಜನ ಸಾಕು. ಗುಂಪು ಬರೋ ಹೊತ್ಗೆ ಭಾನುವಾರ ಮಧ್ಯಾಹ್ನ, ಗಾಳಿ ಎಲ್ಲಾ ಕೆಡಿಸಿರ್ತೈತೆ.”

ಮುಂಗಾರಿಗೆ ಮುಂಚಿನ ಕೊನೆಯ ಅವಕಾಶ ಇದು. ಅಕ್ಷತ ಒಂದು ಗಂಟೆ ಯೋಚಿಸಿ, ಇವರ ಮಾತಿನ ಮೇಲೆಯೇ ಶನಿವಾರ ಎಂದು ಎಲ್ಲರಿಗೂ ತಿಳಿಸಿದಳು.

ಈಗ ನೆಲದ ಮೇಲೆ ಇಪ್ಪತ್ತನಾಲ್ಕು ಎಂಬ ಅಂಕಿ ಹನ್ನೊಂದು ಸಲ ಕೂತಿದೆ. ಹನ್ನೆರಡೇ ಸೆಕೆಂಡು. ಮಾಕಳಿದುರ್ಗದ ಕಡೆಯಿಂದ ಬೆಳಗಿನ ರೈಲು ಕೂಗಿ ಹೋಗುತ್ತದೆ. ಆರು ಗಂಟೆ ಐದು ನಿಮಿಷಕ್ಕೆ ಅಕ್ಷತಳ ಫೋನು.

“ಅಕ್ಕ, ಬಸ್ ಸ್ಟಾರ್ಟ್ ಮಾಡ್ಸಿ ನಿಲ್ಸಿದ್ದೇನೆ. ಏನು ಹೇಳ್ಲಿ ಇವರಿಗೆ?”

“ಐದು ನಿಮಿಷ ಕೊಡು.”

“ಲೆಕ್ಕ ಎಷ್ಟು ಬಂತು ಅಕ್ಕ?”

“ಲೆಕ್ಕ ಕೇಳ್ಬೇಡ ಈಗ.”

ಫೋನಿಟ್ಟು ಮತ್ತೆ ಪರದೆ ನೋಡುತ್ತಾರೆ. ಏನೋ ಹೊಂದುತ್ತಿಲ್ಲ. ಅಲೆಗಳು ದಪ್ಪಗಿವೆ, ಒಂದಕ್ಕೊಂದು ದೂರ ದೂರವಾಗಿವೆ, ನಡುವಿನ ನೀರು ಇಸ್ತ್ರಿ ಹಾಕಿದಂತೆ ನಯವಾಗಿದೆ. “ಕಣ್ಣು ಒಂದು ಹೇಳ್ತೈತೆ, ಲೆಕ್ಕ ಒಂದು ಹೇಳ್ತೈತೆ,” ಎಂದು ಗೊಣಗುತ್ತಾರೆ. ಹದಿಮೂರು ವರ್ಷ ಬಟ್ಟೆ ನೋಡಿದ ಕಣ್ಣು ಅದು. ಬಟ್ಟೆಯಲ್ಲಿ ತಪ್ಪು ಕಂಡರೆ ಮೊದಲು ಮಗ್ಗ ನೋಡಬೇಕು ಎಂದು ಆ ಕಣ್ಣಿಗೆ ಗೊತ್ತು. ಗೋಡೆ ಹಿಡಿದು ಎದ್ದು, ಕುಂಟುತ್ತಲೇ ಮಗ್ಗದ ಕೊಠಡಿಗೆ ನಡೆಯುತ್ತಾರೆ.

ಮಗ್ಗದ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಅಲ್ಲಿ ಗಂಡ ಹೆಂಡತಿ ಮೂವತ್ತು ವರ್ಷದಿಂದ ಕೈಸನ್ನೆಯಲ್ಲೇ ಸಂಸಾರ ಮಾಡಿದ್ದಾರೆ. ನಾಗಲಕ್ಷ್ಮಮ್ಮ ಮಗ್ಗದ ಕಟ್ಟಿನ ಮೇಲೆ ಅಂಗೈ ಇಡುತ್ತಾರೆ. ಬಡಿತ ಸಮನಾಗಿಯೇ ಇದೆ, ಆದರೆ ಏಟಿಗೂ ಏಟಿಗೂ ನಡುವೆ ಕೂದಲೆಳೆಯಷ್ಟು ಹೆಚ್ಚು ಬಿಡುವು. ಗಂಡನ ಕಡೆ ತಿರುಗಿ ತೋರುಬೆರಳನ್ನು ಗಾಳಿಯಲ್ಲಿ ಸುತ್ತಿಸಿ ಹುಬ್ಬೇರಿಸುತ್ತಾರೆ: ವೇಗ ಏನಾಯ್ತು?

ಬಚ್ಚಪ್ಪ ಎರಡು ಬೆರಳಲ್ಲಿ ನೂಲು ಹಿಡಿದಂತೆ ಮಾಡಿ ಪಟ್ಟನೆ ಕಡಿದು ತೋರಿಸುತ್ತಾರೆ. ಆಮೇಲೆ ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ಸಣ್ಣ ಸುತ್ತು. ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ಹೊಸ ಹಾಸಿನ ರೇಷ್ಮೆ ಪದೇ ಪದೇ ಕಡಿಯುತ್ತಿತ್ತು, ಅದಕ್ಕೆ ನಿನ್ನೆ ಸಂಜೆ ಮೋಟಾರಿನ ಪುಲ್ಲಿ ಚಕ್ರ ತೆಗೆದು ಸಣ್ಣದು ಹಾಕಿದೆ ಎಂದು ಅದರರ್ಥ. ನಾಜೂಕು ನೂಲಿಗೆ ಮಗ್ಗವನ್ನು ನಿಧಾನಿಸುವುದು ಇಲ್ಲಿ ಎಲ್ಲ ನೇಕಾರರೂ ಮಾಡುವ ಕೆಲಸ. ಹೆಂಡತಿಗೆ ಹೇಳಬೇಕು ಎಂದು ಅವರಿಗೆ ಹೊಳೆದಿರಲಿಲ್ಲ.

ನಾಗಲಕ್ಷ್ಮಮ್ಮ ಗಂಡನ ತೋಳು ಹಿಡಿದು ಅಡುಗೆಮನೆಗೆ ಎಳೆದು ತರುತ್ತಾರೆ.

“ಸಮುದ್ರಕ್ಕೂ ನನ್ನ ಪುಲ್ಲಿಗೂ ಏನೇ ಸಂಬಂಧ?” ಬಚ್ಚಪ್ಪನವರಿಗೆ ಗಾಬರಿ.

“ಆಮೇಲೆ ಹೇಳ್ತೀನಿ. ಆ ಗಡಿಯಾರ ನೋಡು. ನಾನು ‘ಈಗ’ ಅಂದಾಗ ಶುರು ಮಾಡು, ಮತ್ತೆ ‘ಈಗ’ ಅಂದಾಗ ಎಷ್ಟಾಯ್ತು ಹೇಳು. ಅತ್ತ ಇತ್ತ ನೋಡಿದ್ರೆ ಕಾಫಿ ಇಲ್ಲ.”

ಬಚ್ಚಪ್ಪ ಗಡಿಯಾರಕ್ಕೆ ಕಣ್ಣಿಟ್ಟು ನಿಲ್ಲುತ್ತಾರೆ. ಈಗ, ಎನ್ನುತ್ತಾರೆ ಹೆಂಡತಿ. ಈಗ.

“ಹದಿನೈದು.”

“ಸರಿಯಾಗಿ ನೋಡಿದ್ಯಾ?”

“ಹದಿನೈದೇ ಕಣೆ. ಬೇಕಾದ್ರೆ ಹದಿನಾಲ್ಕೂ ಮುಕ್ಕಾಲು ಅಂತ ಬರ್ಕೋ.”

ಎರಡನೇ ಸಲ ಹದಿನಾಲ್ಕು. ಮೂರನೇ ಸಲ ಮತ್ತೆ ಹದಿನೈದು. ನಾಗಲಕ್ಷ್ಮಮ್ಮನವರ ಕೈಯಲ್ಲಿದ್ದ ಬಳಪ ಎರಡು ತುಂಡಾಗಿದೆ. ಮಗ್ಗ ಈಗ ನಿಮಿಷಕ್ಕೆ ತೊಂಬತ್ತಾರೇ ಏಟು ಹೊಡೆಯುತ್ತಿದೆ. ಇಪ್ಪತ್ತನಾಲ್ಕು ಏಟಿಗೆ ಹದಿನೈದು ಸೆಕೆಂಡು. ಆಮೆಕಲ್ಲಿಗೆ ಬೇಕಾದ್ದಕ್ಕಿಂತ ಎರಡು ಸೆಕೆಂಡು ಹೆಚ್ಚು. ಈ ವರ್ಷದಲ್ಲೇ ಅತಿ ಉದ್ದದ ಅಲೆ.

ಆರು ಹದಿಮೂರಕ್ಕೆ ಫೋನು ಮಾಡುತ್ತಾರೆ. “ಅಕ್ಷತಾ, ಬಸ್ ಆಫ್ ಮಾಡ್ಸು. ಎಲ್ರನ್ನೂ ನೀರಿಗೆ ಇಳಿಸು. ಕಲಿಯೋರನ್ನ ಮಾತ್ರ ಬಿಡ್ಬೇಡ, ಹದಿನೈದೈತೆ.”

“ಹದಿನೈದಾ ಅಕ್ಕ?”

“ನನ್ನ ಕಣ್ಣಾರೆ ನೋಡಿದೀನಿ. ನಮ್ಮ ಯಜಮಾನ್ರು ಸಾಕ್ಷಿ.”

ಕ್ಯಾಮೆರಾದಲ್ಲಿ ಪುಟ್ಟ ಪುಟ್ಟ ಚುಕ್ಕೆಗಳು ಹಲಗೆಯ ಮೇಲೆ ಬೋರಲು ಮಲಗಿ ಬಂಡೆಯ ಆಚೆಗೆ ತೇಲುತ್ತವೆ. ಎಣಿಸಿದರೆ ಅಕ್ಷತಳೂ ಸೇರಿ ಹದಿನೈದು, ಕಲಿಯುವ ನಾಲ್ವರು ದಡದಲ್ಲೇ ಉಳಿದಿದ್ದಾರೆ. ಆರು ಇಪ್ಪತ್ತು. ಏನೂ ಇಲ್ಲ. ಆರು ಇಪ್ಪತ್ತೇಳು. ಅಲೆಗಳು ಬರುತ್ತವೆ, ಬಂಡೆಯ ಮೇಲೆ ಉಬ್ಬುತ್ತವೆ, ಮನಸ್ಸು ಬದಲಾಯಿಸಿದಂತೆ ಮಲಗಿಬಿಡುತ್ತವೆ. ನಾಗಲಕ್ಷ್ಮಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡಿಸುತ್ತಾರೆ. ಬಚ್ಚಪ್ಪ ಒಳಗೆ ಹೋಗಿ ಮಗ್ಗ ನಿಲ್ಲಿಸಿ ಬಂದು, ಹೆಂಡತಿಯ ಹೆಗಲ ಹಿಂದೆ ನಿಲ್ಲುತ್ತಾರೆ. ಸೀರೆಯ ನಡುವೆ ಮಗ್ಗ ನಿಲ್ಲಿಸುವವರಲ್ಲ ಅವರು.

ಆರು ಮೂವತ್ತೊಂದಕ್ಕೆ ಪರದೆಯ ಮೇಲ್ಭಾಗದಲ್ಲಿ ಒಂದು ಕಪ್ಪು ಗೆರೆ ಕಾಣಿಸುತ್ತದೆ. ಅದರ ಹಿಂದೆ ಇನ್ನೊಂದು. ಮತ್ತೂ ಒಂದು. ಮೊದಲ ಗೆರೆ ಆತುರವಿಲ್ಲದೆ ಬಂದು ಬಂಡೆಗೆ ಕಾಲು ತಗುಲಿಸಿಕೊಂಡಂತೆ ಮುಗ್ಗರಿಸುತ್ತದೆ, ಬೆನ್ನು ಸೆಟೆಸುತ್ತದೆ, ಆಳೆತ್ತರಕ್ಕೆ, ಅದಕ್ಕೂ ಮೇಲಕ್ಕೆ ಎದ್ದು ನಿಲ್ಲುತ್ತದೆ. ಬೆಳಗಿನ ಬೆಳಕು ನೀರಿನ ಗೋಡೆಯನ್ನು ಹಾದು ಹಸಿರಾಗಿ ಹೊಳೆಯುತ್ತದೆ. ಒಂದು ಚುಕ್ಕೆ ಅದರ ನೆತ್ತಿಯಿಂದ ಜಾರಿ, ಎದ್ದು ನಿಂತು, ಗೋಡೆಯ ಉದ್ದಕ್ಕೂ ಓಡುತ್ತದೆ.

“ಎದ್ಲು ನೋಡು, ಎದ್ಲು,” ಎನ್ನುತ್ತಾರೆ ನಾಗಲಕ್ಷ್ಮಮ್ಮ. ನಿಂತ ಭಂಗಿಯಲ್ಲೇ ಅದು ಅಕ್ಷತ ಎಂದು ಅವರಿಗೆ ಗುರುತು ಸಿಕ್ಕಿದೆ. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

ಬಚ್ಚಪ್ಪ ಬಾಗಿ ಪರದೆಗೆ ಮುಖ ಹತ್ತಿರ ತರುತ್ತಾರೆ. ಆಮೇಲೆ, “ಇದನ್ನ ನೀನು ಮಂಗಳವಾರವೇ ಹೇಳಿದ್ಯಾ?” ಎನ್ನುತ್ತಾರೆ. ನಾಲ್ಕು ವರ್ಷದಲ್ಲಿ ಅವರು ಈ ಕೆಲಸದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು.

ಎಂಟಕ್ಕೆ ನೀರು ಇಳಿಯುವವರೆಗೆ ಆಮೆಕಲ್ಲು ಇಪ್ಪತ್ತಮೂರು ಸಲ ಏಳುತ್ತದೆ. ಒಂಬತ್ತರ ಹೊತ್ತಿಗೆ ಅಕ್ಷತ ಫೋನು ಮಾಡುತ್ತಾಳೆ. ಹಿಂದೆ ಹತ್ತಾರು ದನಿಗಳ ಗಲಾಟೆ, ನಗು. ಎಲ್ಲರೂ ಕ್ಷೇಮ, ಒಬ್ಬರ ಮೊಣಕೈ ಮಾತ್ರ ತರಚಿದೆ. ಅಲೆ ಯಾರು ಹೇಳಿದ್ದು, ಅವರಿಗೆ ಏನಾದರೂ ಕೊಡಬೇಕು ಎಂದು ಎಲ್ಲರೂ ಗಂಟುಬಿದ್ದಿದ್ದಾರಂತೆ. ಏನು ಬೇಕು, ಸಂಕೋಚ ಬೇಡ, ಕೇಳಿ ಎನ್ನುತ್ತಾಳೆ.

ನಾಗಲಕ್ಷ್ಮಮ್ಮ ಯೋಚಿಸುತ್ತಾರೆ. ನೆಲದ ಮೇಲಿನ ಅಂಕಿಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಲೇ ಹೇಳುತ್ತಾರೆ:

“ಆ ಕ್ಯಾಮೆರಾನ ಒಂದು ಗೇಣು ಎಡಕ್ಕೆ ತಿರುಗಿಸಮ್ಮ. ಅಲೆ ಹತ್ತಿದೋರೆಲ್ಲ ಎಡಗಡೆಗೇ ಹೋಗಿ ಮರೆಯಾಗ್ಬಿಡ್ತೀರ. ದಡ ಮುಟ್ಟಿದ್ರೋ ಇಲ್ವೋ ಅಂತ, ನೀನು ಫೋನ್ ಮಾಡೋಗಂಟ ನಂಗೆ ಗೊತ್ತಾಗಲ್ಲ.”