ಗೋಡೆಯ ಒಳಗಿನ ಮರಿಯಮ್ಮ

ಹಬ್ಬಕ್ಕೆಂದು ನಮ್ಮ ಚರ್ಚಿಗೆ ಬಣ್ಣ ಹೊಡೆಯುತ್ತಿದ್ದಾರೆ. ಆ ವಾಸನೆಗೆ ನನಗೆ ತಲೆ ಹಿಡಿಯುತ್ತದೆ, ಹಳೆಯ ಚರ್ಚೂ ನೆನಪಾಗುತ್ತದೆ. ಅದಕ್ಕೆ ಹೊಡೆಯುತ್ತಿದ್ದದ್ದು ಸುಣ್ಣ. ಮೇಲೆ ಮಂಗಳೂರು ಹೆಂಚು, ಮೂರು ಕಡೆ ಬಾಗಿಲು, ಮುಂದೆ ಕಟ್ಟೆ. ಆಗಲೂ ಕಸ ಹೊಡೆಯುವವಳು ನಾನೇ. ಕಟ್ಟೆಯ ಮೇಲೆ ಮಲಗಿದ ಸಂತೆಯ ಮಂದಿಯನ್ನು ಕಸಬರಿಗೆಯಿಂದ ಎಬ್ಬಿಸುತ್ತಿದ್ದೆ. ಅವರ ಜಾತಿ ಕೇಳಿದವರಿಲ್ಲ.

ಒಳಗೋಡೆಯ ಮೇಲೆ ಮರಿಯಮ್ಮನ ಚಿತ್ರ. ಬರೆದವನು ಅಂಗಡಿ ಬೋರ್ಡು ಬರೆಯುವ ಹುಸೇನಸಾಬ. ದೇವಮಾತೆಯನ್ನು ಅವನೆಲ್ಲಿ ನೋಡಿದ್ದ? ಓಣಿಯ ಹೆಂಗಸರನ್ನು ನೋಡಿದ್ದ. ಇಳಕಲ್ ಸೀರೆ ಉಡಿಸಿ, ತಲೆ ಮೇಲೆ ಸೆರಗು ಹೊದಿಸಿ, ಕೂಸನ್ನು ಬಗಲಲ್ಲಿ ಕೂಡಿಸಿಬಿಟ್ಟ. ಮೂಗು ಮಾತ್ರ ಸ್ವಲ್ಪ ಸೊಟ್ಟ.

ಗೋಪನಕೊಪ್ಪದ ಗಂಗವ್ವ ಲಿಂಗಾಯತರ ಹೆಣ್ಣುಮಗಳು. ಹಡೆದ ಕೂಸುಗಳು ಉಳಿಯದೆ ಅಲ್ಲಿಗೆ ಬರತೊಡಗಿದಳು. ಬಂದಾಗಲೆಲ್ಲ ಮರಿಯಮ್ಮನ ಹಣೆಗೆ ಕುಂಕುಮ ಹಚ್ಚುವಳು. "ಗಂಡ ಇದ್ದಾಕಿ, ಹಣಿ ಬೋಳ ಇಟಗೊಂಡು ಕುಂತಾಳಲ್ಲ" ಎಂದು ನನ್ನನ್ನೇ ಗದರುವಳು. ಆಗಿನ ಮುದುಕ ಫಾದರ್ ನನಗೆ, "ಇರಲಿ ಬಿಡವಾ, ಸಂಜಿಕ ಒರಸು" ಎನ್ನುತ್ತಿದ್ದರು. ಒರೆಸಿ ಒರೆಸಿ ಆ ಹಣೆ ಕೆಂಪಾಗಿಯೇ ಉಳಿಯಿತು. ಆಮೇಲೆ ಹುಟ್ಟಿದ ಮಗಳು ಬದುಕಿದಳು. ಮರಿಯಮ್ಮ ಉಳಿಸಿದಳೋ, ದವಾಖಾನೆಯ ಸೂಜಿಯೋ, ನಾನು ಹೇಳಲಾರೆ.

ಮುಂದೆ ಊರಿನ ಗಾಳಿ ಬದಲಾಯಿತು. ಒಂದು ಭಾನುವಾರ ಕಲ್ಲು ಬಿದ್ದು ಕಿಟಕಿಗಳು ಒಡೆದವು. ನಮ್ಮವರಿಗೂ ನಾಲ್ಕು ಕಾಸು ಕೂಡಿ, ಹೆಂಚಿನ ಚರ್ಚು ಬಡವರದು ಎನಿಸತೊಡಗಿತ್ತು. ಕೆಡವಿದರು. ಗೋಡೆಯ ಜೊತೆ ಚಿತ್ರವೂ ಮಣ್ಣಾಯಿತು. ಈಗ ರಸ್ತೆ ಕಡೆಗೆ ಕಿಟಕಿಯಿಲ್ಲದ ಗೋಡೆ, ಎತ್ತರದ ಕಂಪೌಂಡು, ಕಬ್ಬಿಣದ ಗೇಟು, ಕ್ಯಾಮೆರಾ. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ನೀಲಿ ಶಾಲಿನ ಬಿಳಿ ಮರಿಯಮ್ಮ. ಮೂಗು ನೆಟ್ಟಗಿದೆ. ಮುಟ್ಟುವಂತಿಲ್ಲ.

ಕಳೆದ ವರ್ಷ ಗಂಗವ್ವನ ಆ ಮಗಳು ಹೆರಿಗೆಗೆ ದವಾಖಾನೆ ಸೇರಿದಳು. ಕೂಸು ಹುಟ್ಟಿತು, ರಕ್ತ ನಿಲ್ಲಲಿಲ್ಲ. ಗಂಗವ್ವ ನಮ್ಮ ಗೇಟಿಗೆ ಓಡಿಬಂದಳು. ನಾನು ಹೊಸ ಫಾದರ್ ಹತ್ತಿರ ಹೋಗಿ ಕೇಳಿದೆ. ಸಣ್ಣ ವಯಸ್ಸಿನವರು.

"ಬ್ಯಾಡ್ರಿ ಅಮ್ಮಾ. ಹೊರಗಿನವರನ್ನ ಒಳಗ ಬಿಟ್ರ ಮತಾಂತರ ಮಾಡಾಕತ್ತಾರ ಅಂತ ನಾಳೆ ಮಂದಿ ಕೂಡತಾರ. ಕಲ್ಲು ಬಿದ್ದಿದ್ದು ಮರತ್ರೇನು?"

ಹೇಳುತ್ತಲೇ ಎದ್ದು ಗೇಟಿನ ಕಡೆ ಇಣುಕಿ ನೋಡಿದರು. ಅವರು ಹೇಳಿದ್ದು ಸುಳ್ಳಲ್ಲ.

ಗಂಗವ್ವ ಸಿಟ್ಟಾಗಲಿಲ್ಲ. ಗೇಟಿನ ಸರಳು ಹಿಡಿದು, "ಆತು ಬಿಡು. ಅಕಿ ಯಾವ ಕಡೆ ಕುಂತಾಳ? ದಿಕ್ಕರ ತೋರಸು" ಎಂದಳು.

ನಾನು ಗೋಡೆಯತ್ತ ಬೆರಳು ಮಾಡಿದೆ. ಅಲ್ಲಿ ಕಾಣುತ್ತಿದ್ದದ್ದು ಏಸಿಯ ಡಬ್ಬಿ. ಅದಕ್ಕೇ ಕೈಮುಗಿದು, ಬಂದ ದಾರಿಯಲ್ಲೇ ಓಡಿದಳು.

ಮಗಳು ಉಳಿಯಲಿಲ್ಲ. ಮಣ್ಣಾದ ಮೇಲೆ ಮಾತಾಡಿಸಲು ಹೋದೆ. ಗಂಗವ್ವ ತಾಯಿಯಿಲ್ಲದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು.

"ಅಕಿಗೆ ಕೇಳಿಸಿರಲಿಕ್ಕಿಲ್ಲ ಬಿಡು. ನಿಮ್ಮ ಗೋಡಿ ಭಾಳ ದಪ್ಪ ಅದಾವ."

ಚುಚ್ಚಿದಳೋ ಇಲ್ಲವೋ ತಿಳಿಯಲಿಲ್ಲ. ಅಷ್ಟು ವರ್ಷದಲ್ಲಿ ಅವಳು ಚರ್ಚಿನದ್ದು ಯಾವುದನ್ನೂ 'ನಿಮ್ಮ' ಎಂದಿರಲಿಲ್ಲ.

ಈಗ ಭಾನುವಾರ ಕಸ ಹೊಡೆದ ಮೇಲೆ ನಾನು ಒಳಗೆ ಕೂರುವುದಿಲ್ಲ. ಗೇಟಿನ ಹೊರಗೆ, ಗಂಗವ್ವ ನಿಂತಿದ್ದಲ್ಲಿ ನಿಲ್ಲುತ್ತೇನೆ. ಒಳಗೆ ಎಲ್ಲರೂ ಎದ್ದು ನಿಂತು ಹಾಡುವ ಹೊತ್ತು ಅದು. ಅವಳು ಹೇಳಿದ್ದು ಖರೆ. ಏನೂ ಕೇಳಿಸುವುದಿಲ್ಲ.